ಅಣ್ಣುವಿನ ಕರುಣೆಗೆ ಸಿಕ್ಕ ಇಲಿಗಳು

ಬೆಳ್ಮಣ್ಣಿನಲ್ಲಿ ಬಸ್ಸು ಹತ್ತಿ, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಮಣಿಪಾಲದ ಗುಡ್ಡ ಏರುವ ಜನರಲ್ಲಿ ಅಣ್ಣುವಿನಷ್ಟು ತಲೆಗಳ ಮೇಲೆ ಗದಾಪ್ರಹಾರ ಮಾಡಿದ ವೀರ ಇನ್ನೊಬ್ಬ ಇರಲಿಕ್ಕಿಲ್ಲ. ನೋಡಿದರೆ ಹಾಗೆ ಅನಿಸುವುದಿಲ್ಲ. ತೆಳು ಮೀಸೆ, ಮೆದು ದನಿ, ಕಂಕುಳಲ್ಲಿ ಊಟದ ಡಬ್ಬಿ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ಕ್ಷಮೆ ಕೇಳುವುದು ಅವನೇ.

ಈ ವೀರನ ರಣರಂಗ ಮಣಿಪಾಲದ ಒಂದು ಸಂಶೋಧನಾಲಯದ ಕೆಳಅಂತಸ್ತಿನಲ್ಲಿರುವ ಪ್ರಾಣಿಗಳ ಕೋಣೆ. ಅಲ್ಲಿ ಅವನು ಅಟೆಂಡರ್. ಬಿಳಿ ಇಲಿಗಳ ಗೂಡು ತೊಳೆಯುವುದು, ಉಮಿ ಹಾಸುವುದು, ಕಂಪನಿಯ ಒಣ ತಿಂಡಿ ಹಾಕುವುದು, ನೀರಿನ ಬಾಟಲಿ ತುಂಬಿಸುವುದು, ಇದರಲ್ಲೇ ಅವನ ಅರ್ಧ ಆಯುಷ್ಯ ಹೋಗಿತ್ತು. ಅವನ ಅಪ್ಪ ಬೆಳ್ಮಣ್ಣಿನ ಗದ್ದೆಯಲ್ಲಿ ಬಿಲಕ್ಕೆ ಹೊಗೆ ಹಾಕಿ ಇಲಿ ಕೊಲ್ಲುವುದಕ್ಕೆ ಹೆಸರಾದವನು. ಅಂಥವನ ಮಗ ಇಲಿಗಳಿಗೆ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿದಾಗ ಊರಿನವರು, "ಅಪ್ಪ ಮಾಡಿದ್ದನ್ನು ಮಗ ತೀರಿಸುತ್ತಿದ್ದಾನೆ" ಎಂದು ನಕ್ಕರು. ಅಣ್ಣುವೂ ಅವರ ಜೊತೆ ನಕ್ಕ. ಶರ್ವಾಣಿ ಬರುವ ತನಕ ಅವನ ನಗುವಿಗೆ ಯಾವ ತೊಂದರೆಯೂ ಇರಲಿಲ್ಲ.

ಶರ್ವಾಣಿ ಉಡುಪಿಯ ಹುಡುಗಿ. ಅಪ್ಪ ದೇವಸ್ಥಾನದಲ್ಲಿ ಪೂಜೆ ಮಾಡುವವರು, ಅಮ್ಮ ಶಾಲೆಯ ಟೀಚರ್. ಅವಳು ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ತಲೆಗೆ ಪೆಟ್ಟು ಬಿದ್ದ ಮೇಲೆ ಮೆದುಳಿನಲ್ಲಿ ಆಗುವ ಆಕ್ಸಿಡೇಟಿವ್ ಸ್ಟ್ರೆಸ್. ಅಣ್ಣು ಆ ಹೆಸರನ್ನು ಬಾಯಿಪಾಠ ಮಾಡಿದ, ಅರ್ಥ ಕೇಳಿದ. ಅವನ ಹೆಂಡತಿ ಗುಣವತಿಯ ತವರು ಕಾಪುವಿನ ಹತ್ತಿರದ ಮಟ್ಟು ಎಂದು ಶರ್ವಾಣಿಗೆ ಗೊತ್ತಿತ್ತು. ಹಾಗಾಗಿ ಅವಳು ಅಲ್ಲಿಯ ಬದನೆಕಾಯಿಯಿಂದಲೇ ಶುರು ಮಾಡಿದಳು.

"ಅಣ್ಣು ಅಣ್ಣ, ಮಟ್ಟುವಿನ ಗುಳ್ಳ ಕೊಯ್ದು ಹಾಗೇ ಇಟ್ಟರೆ ಎಂತ ಆಗ್ತದೆ?"

"ಕಪ್ಪಾಗ್ತದೆ. ಅದಕ್ಕೇ ಅಲ್ವಾ ನೀರಿಗೆ ಹಾಕುವುದು?"

"ಹಾಂ. ಕತ್ತಿ ಕೊಯ್ದದ್ದು ಒಂದು ಕ್ಷಣ. ಕಪ್ಪಾಗುವುದು ಆಮೇಲೆ, ನಿಧಾನಕ್ಕೆ. ಮೆದುಳಿನ ಕಥೆಯೂ ಹಾಗೇ. ಪೆಟ್ಟು ಬಿದ್ದ ಕೋಶಗಳಲ್ಲಿ ಆಮ್ಲಜನಕ ದಾರಿ ತಪ್ಪುತ್ತದೆ. ಉಪಕಾರಕ್ಕೆ ಇದ್ದದ್ದು ಉಪದ್ರಕ್ಕೆ ನಿಲ್ಲುತ್ತದೆ. ಕೋಶದ ಗೋಡೆಯ ಕೊಬ್ಬನ್ನು ಕೊರೆಯುತ್ತದೆ, ಅದು ಪಕ್ಕದ್ದಕ್ಕೆ ಹರಡುತ್ತದೆ. ಮೆದುಳಿನಲ್ಲಿ ಕೊಬ್ಬು ಜಾಸ್ತಿ, ಕಾವಲು ಕಮ್ಮಿ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು ಆಸ್ಪತ್ರೆಗೆ ಮಾತನಾಡುತ್ತಾ ಬಂದು ಮರುದಿನ ಮಾತು ನಿಲ್ಲಿಸುವುದುಂಟಲ್ಲ, ಅದಕ್ಕೆ ಇದೂ ಒಂದು ಕಾರಣ."

"ಅಂದರೆ ತುಕ್ಕು," ಎಂದ ಅಣ್ಣು.

"ತುಕ್ಕು ಅಂತಲೇ ಇಟ್ಟುಕೊಳ್ಳಿ. ಅದನ್ನು ತಡೆಯುವ ಒಂದು ಔಷಧಿ ಪರೀಕ್ಷೆ ಮಾಡುವುದು ನನ್ನ ಕೆಲಸ."

ಔಷಧಿ ಪರೀಕ್ಷೆ ಮಾಡಬೇಕಾದರೆ ಮೊದಲು ಪೆಟ್ಟು ಬೀಳಬೇಕು. ಅದಕ್ಕೊಂದು ಯಂತ್ರ ಬಂತು. ಯಂತ್ರ ಎಂದರೆ ನೆಟ್ಟಗೆ ನಿಂತ ಉದ್ದದ ಕೊಳವೆ, ಅದರ ಮೇಲಿನ ತುದಿಯಲ್ಲಿ ಪಿನ್ನಿಗೆ ಸಿಕ್ಕಿಸಿದ ಒಂದು ತೂಕದ ತುಂಡು. ಇಲಿಗೆ ಅರಿವಳಿಕೆ ಕೊಟ್ಟು, ತಲೆಬುರುಡೆ ಒಡೆಯದ ಹಾಗೆ ಅದರ ಮೇಲೆ ಸಣ್ಣ ಉಕ್ಕಿನ ಬಿಲ್ಲೆ ಅಂಟಿಸಿ, ಕೊಳವೆಯ ಕೆಳಗೆ ಮಲಗಿಸುವುದು. ಪಿನ್ ಎಳೆದರೆ ತೂಕ ಬೀಳುತ್ತದೆ. ಮಣಿಪಾಲದ ರಸ್ತೆಗಳಲ್ಲಿ ಹುಡುಗರು ಹಾಕದ ಹೆಲ್ಮೆಟ್ಟನ್ನು ಕೆಳಅಂತಸ್ತಿನ ಇಲಿಗಳು ಶಿಸ್ತಿನಿಂದ ಹಾಕಿಕೊಂಡವು.

ಅರಿವಳಿಕೆ ಕೊಡುವುದರಲ್ಲಿ, ಬಿಲ್ಲೆ ಅಂಟಿಸುವುದರಲ್ಲಿ ಶರ್ವಾಣಿಯ ಕೈ ಬಹಳ ಚುರುಕು. ಪಿನ್ನಿನ ಹತ್ತಿರ ಬಂದಾಗ ಅದೇ ಕೈ ನಡುಗಿತು.

"ಅಣ್ಣು ಅಣ್ಣ, ಇದೊಂದನ್ನು ನೀವು ಎಳೆಯುತ್ತೀರಾ? ನನ್ನ ಕೈ ನಡುಗಿದರೆ ಪೆಟ್ಟು ಓರೆ ಬೀಳ್ತದೆ."

"ಭಟ್ರ ಮಗಳಿಗೆ ಪಾಪ ತಾಗಬಾರದು, ಅಣ್ಣುವಿಗೆ ತಾಗಿದರೆ ಅಡ್ಡಿ ಇಲ್ಲ, ಅಲ್ವಾ ಮೇಡಂ?"

"ಹಾಗಲ್ಲ ಮಾರಾಯ್ರೆ. ನಿಮ್ಮ ಕೈ ಗಟ್ಟಿ. ನನ್ನ ಗೈಡ್ ಡಾಕ್ಟ್ರಿಗೂ ಹೇಳಿದ್ದೇನೆ, ಆಗಬಹುದು ಅಂದಿದ್ದಾರೆ."

ಜೀವಮಾನದಲ್ಲಿ ಯಾರೂ ಅಣ್ಣುವಿನ ಯಾವ ಅಂಗವನ್ನೂ ಹೊಗಳಿರಲಿಲ್ಲ. ಕೈ ಗಟ್ಟಿ ಎಂಬ ಬಿರುದು ಸಿಕ್ಕಿದ ಕೂಡಲೇ ಅವನು ಎದೆ ಉಬ್ಬಿಸಿ ಪಿನ್ ಎಳೆದ. ತೂಕ ಬಿತ್ತು. ಟಕ್ ಎಂಬ ಸಣ್ಣ ಶಬ್ದ. ಬಿರುದು ಸಿಕ್ಕಿದ ಸಂತೋಷ ಆ ಶಬ್ದ ಕೇಳುವ ತನಕ ಬಾಳಿತು.

ಆಮೇಲೆ ಅವನನ್ನು ತಿಂದದ್ದು ಟಕ್ ಎಂಬ ಶಬ್ದವಲ್ಲ, ಗುಳ್ಳದ ಪಾಠ. ಪೆಟ್ಟು ಒಂದು ಕ್ಷಣದ್ದು ಎಂದಿದ್ದರೆ ಅಣ್ಣು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದ. ಆದರೆ ತಾನು ಪಿನ್ ಎಳೆದು, ಕೈ ತೊಳೆದು, ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಹಿಡಿದು ಊರಿಗೆ ಹೋಗಿ ಗಂಜಿ ಉಣ್ಣುತ್ತಿರುವಾಗಲೂ ತನ್ನ ಪೆಟ್ಟು ಅಲ್ಲಿ ಒಳಗೊಳಗೇ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದು ಅವನಿಗೆ ಗೊತ್ತಾಗಿಬಿಟ್ಟಿತ್ತು. ವಿದ್ಯೆಯಿಂದ ಇಂಥ ಅಪಾಯಗಳೂ ಉಂಟು.

ಪೆಟ್ಟು ತಿಂದ ಇಲಿಗಳಲ್ಲಿ ಎರಡು ಪಂಗಡ. ಹಸುರು ಪಟ್ಟಿಯ ಗೂಡುಗಳಿಗೆ ಔಷಧಿ. ಕೆಂಪು ಪಟ್ಟಿಯ ಗೂಡುಗಳಿಗೆ?

"ನೋವಿಗೆ ಕೊಡುವುದು ಎಲ್ಲರಿಗೂ ಉಂಟು. ಅದು ಬಿಟ್ಟರೆ ಕೆಂಪು ಪಟ್ಟಿಯವಕ್ಕೆ ಏನೂ ಇಲ್ಲ," ಎಂದಳು ಶರ್ವಾಣಿ.

"ಏನೂ ಅಂದರೆ?"

"ಏನೂ ಅಂದರೆ ಏನೂ ಇಲ್ಲ. ಬಿಟ್ಟರೆ ತುಕ್ಕು ಎಷ್ಟು ಹಿಡಿಯುತ್ತದೆ ಅಂತ ನೋಡಬೇಕಲ್ಲ. ಇಲ್ಲದಿದ್ದರೆ ಔಷಧಿ ಕೆಲಸ ಮಾಡಿದೆ ಅಂತ ಹೇಗೆ ಹೇಳುವುದು?"

ತರ್ಕ ಸರಿಯಾಗಿಯೇ ಇತ್ತು. ಅಣ್ಣು ತಲೆ ಅಲ್ಲಾಡಿಸಿದ. ಅಲ್ಲಾಡಿಸಿದ್ದು ತಲೆ ಮಾತ್ರ.

ಆ ವರ್ಷದ ಚೌತಿಗೆ ಅವನು ಊರಿನ ಗಣಪತಿಯ ಎದುರು ನಿಂತ. ಗಣಪತಿ ಪ್ರಸನ್ನನಾಗಿದ್ದ. ಪಾದದ ಹತ್ತಿರ ಕುಳಿತ ಮಣ್ಣಿನ ಇಲಿಗೆ ಆ ಸಲದ ಕಲಾವಿದ ಹೊಳೆಯುವ ಕಪ್ಪು ಮಣಿಯ ಕಣ್ಣು ಇಟ್ಟಿದ್ದ. ಅಣ್ಣು ಎಡಕ್ಕೆ ಸರಿದ, ಬಲಕ್ಕೆ ಸರಿದ, ಕೊನೆಗೆ ಎದುರಿನ ದಪ್ಪ ಮನುಷ್ಯನೊಬ್ಬನ ಬೆನ್ನಿನ ಹಿಂದೆ ನಿಂತು ದೇವರಿಗೆ ಕೈ ಮುಗಿದ. ಪಂಚಕಜ್ಜಾಯ ಬಾಯಲ್ಲಿ ಕರಗಲಿಲ್ಲ.

"ಎಂತ ಆಯ್ತು ನಿಮಗೆ? ದೇವರನ್ನು ಕದ್ದು ನೋಡುವುದು ಎಂತಕ್ಕೆ?" ಎಂದು ಗುಣವತಿ ದಾರಿಯಲ್ಲಿ ಕೇಳಿದಳು.

ಅವನು ಹೇಳಿದ. ಅವಳು ಪೂರ್ತಿ ಕೇಳಿದಳು.

"ನಿಮ್ಮ ಅಪ್ಪ ಬಿಲಕ್ಕೆ ಹೊಗೆ ಹಾಕಿ ಬಂದು ಎರಡು ಬಟ್ಟಲು ಗಂಜಿ ಉಂಡು ಮಲಗುತ್ತಿದ್ದರಂತೆ. ಅವರ ಮಗ ನೀವೇ ಹೌದಾ ಅಂತ ನನಗೆ ಸಂಶಯ."

"ಅಪ್ಪನಿಗೆ ಆಮೇಲೆ ಎಂತ ಆಗ್ತದೆ ಅಂತ ಯಾರೂ ಹೇಳಿರಲಿಲ್ಲ ಮಾರಾಯ್ತಿ."

ಮನೆಗೆ ಬಂದು ಗುಣವತಿ ಗದ್ದೆಯ ಅಂಚಿನ ಹುಣಿಯಿಂದ ತಿಮರೆ ಕಿತ್ತು ತಂಬುಳಿ ಮಾಡಿದಳು. ತಿಮರೆ ಎಂದರೆ ಒಂದೆಲಗ. ಆ ಸೀಮೆಯಲ್ಲಿ ತಲೆಗೆ ಸಂಬಂಧಿಸಿದ ಸಕಲ ಕಷ್ಟಕ್ಕೂ ಅದೇ ಮದ್ದು. ಮಕ್ಕಳಿಗೆ ಪರೀಕ್ಷೆ ಬಂದರೆ ತಿಮರೆ, ಅಜ್ಜನಿಗೆ ಹೆಸರು ಮರೆತರೆ ತಿಮರೆ. ಅವರ ಮಗ ಕೀರ್ತನ್ ಚಿಕ್ಕವನಿದ್ದಾಗ ಜೋಕಾಲಿಯಿಂದ ತಲೆ ಕೆಳಗಾಗಿ ಬಿದ್ದಾಗಲೂ ಅಳು ನಿಲ್ಲುವ ಮೊದಲೇ ಬಾಯಿಗೆ ತಿಮರೆ ಬಿದ್ದಿತ್ತು. ಗುಣವತಿ ತಂಬುಳಿ ಮಾಡಿದ್ದು ಗಂಡನ ತಲೆ ನೆಟ್ಟಗಾಗಲಿ ಎಂದು. ಅದನ್ನು ಅನ್ನಕ್ಕೆ ಕಲಸುತ್ತಿದ್ದ ಅಣ್ಣುವಿನ ಕೈ ನಡುವೆ ನಿಂತಿತು.

ಮರುದಿನ ಅವನ ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ ತೊಳೆದ ತಿಮರೆ ಎಲೆಗಳು ಮಣಿಪಾಲಕ್ಕೆ ಬಂದವು.

ಕೋಟೆಯೊಳಗೆ ಆಯುಧ ಸಾಗಿಸುವವನ ಎಚ್ಚರದಿಂದ ಅವನು ಕೆಲಸ ನಡೆಸಿದ. ಶರ್ವಾಣಿ ಊಟಕ್ಕೆ ಹೋದಾಗ ಕೆಂಪು ಪಟ್ಟಿಯ ಗೂಡಿಗೆ ಎಲೆ. ಇಲಿಗಳು ತಿನ್ನುವುದು ಬೇಗ, ಉಳಿದ ದಂಟನ್ನು ಉಮಿ ಮುಚ್ಚುತ್ತದೆ, ಉಮಿ ಬದಲಿಸುವವನು ಅವನೇ. ಇಷ್ಟು ಭದ್ರವಾದ ಒಳಸಂಚು ಅರಮನೆಗಳಲ್ಲೂ ನಡೆದಿರಲಿಕ್ಕಿಲ್ಲ. ಆದರೆ ಹಸುರು ಪಟ್ಟಿಯ ಇಲಿಗಳಿಗೆ ಪರಿಮಳ ಹೋಯಿತು. ಅವು ಮೂಗನ್ನು ಸರಳುಗಳ ನಡುವೆ ತೂರಿಸಿ ನಿಂತವು. ಪಕ್ಕದವನಿಗೆ ಬಡಿಸಿ ಇವನಿಗೆ ಇಲ್ಲ ಎನ್ನುವ ಪಂಕ್ತಿಭೇದ ಅಣ್ಣುವಿನಿಂದ ಆಗಲಿಲ್ಲ. ಅವಕ್ಕೂ ಕೊಟ್ಟ. ಪೆಟ್ಟೇ ತಿನ್ನದ ಇಲಿಗಳು ಬೇರೆ ಮೂಲೆಯಲ್ಲಿದ್ದವು. ಅವು ಎಂತ ಪಾಪ ಮಾಡಿದ್ದವು? ಅವಕ್ಕೂ ಒಂದೊಂದು ಎಲೆ. ಹೆಚ್ಚು ದೀನವಾಗಿ ನೋಡಿದ್ದಕ್ಕೆ ಹೆಚ್ಚು, ಬೆನ್ನು ತಿರುಗಿಸಿ ಮಲಗಿದ್ದಕ್ಕೆ ಕಡಿಮೆ, ಎಲೆ ಸಿಕ್ಕದ ದಿನ ಯಾರಿಗೂ ಇಲ್ಲ. ಅಣ್ಣು ಆ ದಿನಗಳಲ್ಲಿ ಬಸ್ಸಿನಲ್ಲಿ ನಿದ್ದೆ ಮಾಡಲು ಶುರು ಮಾಡಿದ. ಮುಖಕ್ಕೆ ಕಳೆ ಬಂತು.

ಕಳೆ ಹೋದದ್ದು ಶರ್ವಾಣಿಯ ಮುಖದಿಂದ.

ಇಲಿಗಳ ಆಯುಷ್ಯ ಮುಗಿಸಿ, ಮೆದುಳನ್ನು ಅರೆದು ಅವಳು ಮಾಡುವ ಪರೀಕ್ಷೆಯಲ್ಲಿ ಒಂದು ಬಣ್ಣ ಬರುತ್ತದೆ. ಕೊಬ್ಬು ಎಷ್ಟು ಕೆಟ್ಟಿದೆಯೋ ಗಾಜಿನ ನಳಿಕೆಯಲ್ಲಿ ಗುಲಾಬಿ ಅಷ್ಟು ಗಾಢ. ಕೆಂಪು ಪಟ್ಟಿಯ ನಳಿಕೆಗಳು ಪುನರ್ಪುಳಿ ಶರಬತ್ತಿನ ಹಾಗೆ ಇರಬೇಕಿತ್ತು, ಹಸುರು ಪಟ್ಟಿಯವು ಮಾಸಲು. ಆದರೆ ಕೆಂಪಿನಲ್ಲಿ ಒಂದು ಗಾಢ, ಇನ್ನೊಂದು ನೀರು. ಹಸುರಿನಲ್ಲೂ ಹಾಗೇ. ಅಡುಗೆ ಗೊತ್ತಿಲ್ಲದವರು ನೆಂಟರಿಗೆ ಶರಬತ್ತು ಕಲಸಿಟ್ಟ ಹಾಗೆ ಸಾಲು ನಿಂತಿತ್ತು.

ಡಾಕ್ಟರ್ ಹೃಷೀಕೇಶ ಶರ್ವಾಣಿಯ ಗೈಡ್. ಅವರು ನಳಿಕೆಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಪೆಟ್ಟು ಒಂದೇ ಸಮ ಬಿದ್ದಿಲ್ಲ ಅಂತ ಕಾಣ್ತದೆ," ಎಂದು ಹೇಳಿ ಮೀಟಿಂಗಿಗೆ ಹೋದರು.

ಶರ್ವಾಣಿ ಸ್ಟೂಲಿನ ಮೇಲೆ ಕುಳಿತು ತನ್ನ ಎರಡೂ ಅಂಗೈಗಳನ್ನು ನೋಡಿದಳು. "ಬಿಲ್ಲೆ ನಾನು ಸರಿ ಅಂಟಿಸಲಿಲ್ಲ ಅಣ್ಣು ಅಣ್ಣ. ಪಿನ್ ಎಳೆಯಲಿಕ್ಕೆ ಮಾತ್ರ ನಡುಗುವುದು ಅಂದುಕೊಂಡಿದ್ದೆ. ಎಲ್ಲದರಲ್ಲೂ ನಡುಗಿದೆ. ಈ ಕೈ ಇದಕ್ಕೆ ಆಗುವಂಥದ್ದಲ್ಲ." ಆಮೇಲೆ ಶಬ್ದವಿಲ್ಲದೆ ಅತ್ತಳು.

ಅಣ್ಣು ಪಕ್ಕದಲ್ಲೇ ಗೂಡು ತೊಳೆಯುತ್ತಿದ್ದ. ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟ.

ಹೇಳಿದರೆ ಕೆಲಸ ಹೋದೀತು. ಅದು ಸಣ್ಣ ಹೆದರಿಕೆ. ದೊಡ್ಡದು ಬೇರೆ ಇತ್ತು. ಸತ್ಯ ಹೊರಗೆ ಬಂದರೆ ಈ ಇಲಿಗಳೆಲ್ಲ ಲೆಕ್ಕಕ್ಕಿಲ್ಲ, ಹೊಸ ಇಲಿಗಳು ಬರುತ್ತವೆ, ಹೊಸದಾಗಿ ಪೆಟ್ಟು ಬೀಳುತ್ತದೆ. ಸುಮ್ಮನಿದ್ದರೆ ಶರ್ವಾಣಿ ಬಿಟ್ಟುಹೋಗುತ್ತಾಳೆ, ಕೊಳವೆಗೆ ಬಟ್ಟೆ ಮುಚ್ಚುತ್ತಾರೆ, ಒಂದು ಇಲಿಗೂ ಇನ್ನು ನೋವಿಲ್ಲ. ಹೇಡಿತನಕ್ಕೆ ಜೀವದಯೆಯ ಜರಿ ಶಾಲು ಹೊದಿಸಿದರೆ ಎಷ್ಟು ಚಂದ ಕಾಣುತ್ತದೆ ಎಂಬುದನ್ನು ಅಣ್ಣು ಒಂದು ವಾರ ನೋಡುತ್ತಾ ಕುಳಿತ. ಶಾಲು ಮಾತ್ರ ಜಾರುತ್ತಲೇ ಇತ್ತು. ಒಳಗೆ ಅಳುತ್ತಿದ್ದ ಹುಡುಗಿ ಕಾಣುತ್ತಿದ್ದಳು.

ಸೋಮವಾರ ಬೆಳ್ಮಣ್ಣಿನ ಸ್ಟಾಪಿನಲ್ಲಿ ನಿಂತಿದ್ದವನು ಉಡುಪಿಯ ಬಸ್ಸು ಬಿಟ್ಟು, ಎದುರು ದಿಕ್ಕಿನಿಂದ ಬಂದ ಕಾರ್ಕಳದ ಬಸ್ಸು ಹತ್ತಿದ. ಕಂಡಕ್ಟರ್‌ಗೆ ಆಶ್ಚರ್ಯವಾಯಿತು.

"ಎಂತ ಅಣ್ಣು, ಮಣಿಪಾಲವನ್ನು ಕಾರ್ಕಳಕ್ಕೆ ತಂದರಾ?"

"ಸ್ವಲ್ಪ ಕೆಲಸ ಉಂಟು."

ಯಾವ ಕೆಲಸವೂ ಇರಲಿಲ್ಲ. ಪಲಾಯನ ಮಾಡುವ ವೀರರು ಎತ್ತರದ ಜಾಗ ಹುಡುಕುವುದು ವಾಡಿಕೆ. ಅಣ್ಣು ಗೊಮ್ಮಟನ ಬೆಟ್ಟದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ನೆರಳಿನಲ್ಲಿ ಕುಳಿತ. ಕಾಲೇಜು ಹುಡುಗರ ಗುಂಪೊಂದು ತಮ್ಮ ಫೋಟೋ ತೆಗೆಯಲು ಅವನ ಕೈಗೆ ಮೊಬೈಲ್ ಕೊಟ್ಟಿತು. ತೆಗೆದುಕೊಟ್ಟ. "ಒಂದೂ ಅಲುಗಾಡಲಿಲ್ಲ ಅಂಕಲ್, ಕೈ ಭಾರಿ ಗಟ್ಟಿ ನಿಮ್ಮದು," ಎಂದ ಒಬ್ಬ. ಅಣ್ಣುವಿಗೆ ಆ ಬೆಟ್ಟದ ಮೇಲೂ ಸುಖವಿಲ್ಲದಾಯಿತು.

ಆಗ ಅವನದೇ ಫೋನು ಹೊಡೆಯಿತು. ಶರ್ವಾಣಿ.

"ಅಣ್ಣು ಅಣ್ಣ, ಹುಷಾರಿಲ್ಲವಾ? ಬಂದಿಲ್ಲ ಅಂತ ಫೋನ್ ಮಾಡಿದೆ. ಇವತ್ತು ಮೂರು ಗಂಟೆಗೆ ಡಾಕ್ಟ್ರಿಗೆ ಹೇಳಿಬಿಡುತ್ತೇನೆ, ನನ್ನಿಂದ ಆಗುವುದಿಲ್ಲ ಅಂತ. ಹೋಗುವ ಮೊದಲು ನಿಮಗೊಂದು ಹೇಳಬೇಕಿತ್ತು. ನಿಮ್ಮ ಕೈ ಗಟ್ಟಿ ಇತ್ತು. ತಪ್ಪೆಲ್ಲ ನನ್ನ ಬದಿಯದ್ದೇ."

ಅಣ್ಣು ಬೆಟ್ಟ ಇಳಿದ ರೀತಿಯನ್ನು ಕಂಡವರು ಹಿಂದೆ ಜೇನುನೊಣ ಎದ್ದಿದೆ ಎಂದುಕೊಂಡರು.

ಮೂರು ಗಂಟೆಗೆ ಸ್ವಲ್ಪ ಮೊದಲು, ಬೆವರಿನಿಂದ ಅಂಗಿ ಅಂಟಿಕೊಂಡ ಮನುಷ್ಯನೊಬ್ಬ ಡಾಕ್ಟರ್ ಹೃಷೀಕೇಶರ ಕೋಣೆಯ ಬಾಗಿಲು ತಟ್ಟಿದ. ಶರ್ವಾಣಿ ಒಳಗೆ ಇದ್ದಳು.

"ಡಾಕ್ಟ್ರೇ, ಇಲಿಗಳಿಗೆ ನಾನು ತಿಮರೆ ತಿನ್ನಿಸಿದ್ದೇನೆ."

ಡಾಕ್ಟರ್ ಕನ್ನಡಕ ತೆಗೆದರು. "ಯಾವ ಇಲಿಗೆ?"

"ಎಲ್ಲಕ್ಕೂ."

"ಎಷ್ಟು?"

"ಅದರದರ ಮುಖ ನೋಡಿ ಕೊಟ್ಟದ್ದು."

ಡಾಕ್ಟರ್ ಕನ್ನಡಕ ಪುನಃ ಹಾಕಿಕೊಂಡರು. ಅವರೂ ಊರಿನವರೇ, ತಿಮರೆ ತಿಂದೇ ಡಾಕ್ಟರಾದವರು. ಅಣ್ಣುವಿನ ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಆಸೆ ಇತ್ತು. ಎಲೆ ತಿಂದ ಇಲಿಗಳಿಗೆ ಒಳ್ಳೆಯದಾಯಿತು ಎಂದು ಇವರು ಹೇಳಿದರೆ ಅರ್ಧ ಪಾಪ ಕಳೆಯಿತು. ಅದನ್ನು ಕೇಳಿಯೂ ಕೇಳಿದ.

"ಮಾರಾಯ, ಆ ಎಲೆಯ ಮೇಲೆ ಸಂಶೋಧನೆ ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ತೂಕ ಮಾಡಿ ಕೊಟ್ಟರು, ಯಾರಿಗೆ ಕೊಟ್ಟೆವು ಅಂತ ತಿಳಿದಿದ್ದರು. ನೀನು ಕೊಟ್ಟದ್ದರಿಂದ ಒಳ್ಳೆಯದಾಯಿತಾ ಕೆಟ್ಟದಾಯಿತಾ ಎಂತದೂ ಆಗಲಿಲ್ಲವಾ ಅಂತ ಇನ್ನು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅಷ್ಟು ಇಲಿ ಸತ್ತದ್ದು ದಂಡ. ಅಷ್ಟನ್ನೇ ಪುನಃ ತರಿಸಬೇಕು."

ಅಣ್ಣುವಿಗೆ ಗೊತ್ತಿದ್ದ ಮಾತೇ. ಇನ್ನೊಬ್ಬರ ಬಾಯಲ್ಲಿ ಕೇಳುವುದು ಬೇರೆ.

ಶರ್ವಾಣಿ ಅಣ್ಣುವಿನ ಕಡೆ ತಿರುಗಿದಳು. "ನಾನು ಈ ಕೈಯನ್ನು ಬೈದುಕೊಂಡು ಅತ್ತೆನಲ್ಲ ಅಣ್ಣು ಅಣ್ಣ," ಎಂದಳು. "ನೀವು ಅಲ್ಲೇ ಇದ್ದಿರಿ. ಗೂಡು ತೊಳೆಯುತ್ತಾ ಇದ್ದಿರಿ."

"ಹೌದು ಮೇಡಂ," ಎಂದ ಅಣ್ಣು.

ಡಾಕ್ಟರ್ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಲೈಬ್ರರಿಗೆ ಹಾಕಿಸುತ್ತೇನೆ, ಪುಸ್ತಕಗಳಿಗೆ ಏನು ತಿನ್ನಿಸಿದರೂ ನನಗೆ ಚಿಂತೆಯಿಲ್ಲ ಎಂದರು. ಅಣ್ಣು ಕದಲಲಿಲ್ಲ.

"ಹೊಸ ಇಲಿ ಬರುವುದು ನನ್ನಿಂದ ಡಾಕ್ಟ್ರೇ. ನಾನು ಲೈಬ್ರರಿಯಲ್ಲಿ ಫ್ಯಾನಿನ ಅಡಿ ಕುಳಿತು, ಇನ್ನೊಬ್ಬ ಯಾರೋ ಬಂದು ಪಿನ್ ಎಳೆಯುವುದಾ? ಎಳೆಯುವುದಾದರೆ ನಾನೇ ಎಳೆಯುತ್ತೇನೆ."

ಭಾರಿ ತ್ಯಾಗದ ಮಾತು. ಹೇಳಿದವನಿಗೇ ಸ್ವಲ್ಪ ಹಗುರವಾಯಿತು. ಆ ಹಗುರ ಶರ್ವಾಣಿಗೆ ಕಂಡಿರಬೇಕು.

"ಬೇಡ. ಪಿನ್ ನಾನು ಎಳೆಯುತ್ತೇನೆ," ಎಂದಳು. "ಮೊದಲೇ ನಾನು ಎಳೆಯಬೇಕಿತ್ತು. ನನ್ನ ಕೆಲಸ ನಿಮ್ಮ ತಲೆಗೆ ಕಟ್ಟಿದೆ, ಅದು ನನ್ನ ತಪ್ಪು. ನೀವು ಕೆಂಪು ಪಟ್ಟಿ ನೋಡಿಕೊಳ್ಳಿ."

"ಕೆಂಪು ಪಟ್ಟಿಯಲ್ಲಿ ನೋಡಿಕೊಳ್ಳಲಿಕ್ಕೆ ಎಂತ ಉಂಟು ಮೇಡಂ? ಅವಕ್ಕೆ ಏನೂ ಕೊಡಲಿಕ್ಕಿಲ್ಲ."

"ಅದನ್ನೇ ನೋಡಿಕೊಳ್ಳಿ."

ಜೇಡಿಮಣ್ಣಿನ ಉಂಡೆಗಳ ಮೇಲೆ ತೂಕ ಬೀಳಿಸಿ ಬೀಳಿಸಿ ಶರ್ವಾಣಿ ಕೈ ನಿಲ್ಲಿಸಿಕೊಂಡಳು. ಹೊಸ ಇಲಿಗಳು ಬಂದವು, ಹಿಂದಿನವಷ್ಟೇ ಬಿಳಿ, ಹಿಂದಿನವಷ್ಟೇ ಕುತೂಹಲ. ಮೊದಲ ದಿನ ಅವಳು ಪಿನ್ ಎಳೆದಳು, ಪೆಟ್ಟು ನೆಟ್ಟಗೆ ಬಿತ್ತು. ಅವಳು ಹೊರಗೆ ಹೋಗಿ ಮುಖ ತೊಳೆದು ಬಂದಳು. ಅಣ್ಣು ಆ ಇಲಿಯನ್ನು ಎರಡೂ ಕೈಗಳಲ್ಲಿ ಎತ್ತಿ ಉಮಿಯ ಮೇಲೆ ಮಲಗಿಸಿ ಗೂಡಿಗೆ ಕೆಂಪು ಪಟ್ಟಿ ಕಟ್ಟಿದ.

ಗೂಡು ತೊಳೆಯುವಷ್ಟು ಕೊಳೆಯಾಗಿರಲಿಲ್ಲ. ನೀರಿನ ಬಾಟಲಿ ತುಂಬಿತ್ತು. ಒಣ ತಿಂಡಿ ಇತ್ತು. ಅರಿವಳಿಕೆ ಇಳಿದ ಮೇಲೆ ಇಲಿ ಓಲಾಡುತ್ತಾ ಎದ್ದು, ಬಾಟಲಿಯನ್ನು ಗೋಡೆಯ ಬದಿಯಲ್ಲಿ ಹುಡುಕಿತು. ಬಾಟಲಿ ಇದ್ದದ್ದು ಇನ್ನೊಂದು ಬದಿಯಲ್ಲಿ. ಅಣ್ಣುವಿನ ಕೈ ತಾನಾಗಿ ಏಳಲು ಹೊರಟಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ತೊಡೆಗಳ ನಡುವೆ ಸಿಕ್ಕಿಸಿಕೊಂಡ. ಎದ್ದು ಹೊರಗೆ ಹೋಗಬಹುದಿತ್ತು, ಯಾರೂ ತಡೆದಿರಲಿಲ್ಲ. ಅವನು ಸ್ಟೂಲನ್ನು ಇನ್ನೂ ಸ್ವಲ್ಪ ಹತ್ತಿರ ಎಳೆದುಕೊಂಡ.

ಶರ್ವಾಣಿ ಬಾಗಿಲಲ್ಲಿ ಬಂದು ನಿಂತಳು. "ಎಂತ ಮಾಡ್ತಾ ಇದ್ದೀರಿ?"

"ಏನೂ ಇಲ್ಲ ಮೇಡಂ."

ಅವಳು ಇನ್ನೊಂದು ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡಳು. ಇಲಿ ಸುತ್ತು ಹೊಡೆದು ಹೊಡೆದು, ಕೊನೆಗೆ ತಾನೇ ಬಾಟಲಿಯ ಬದಿಗೆ ಬಂದು ಎರಡು ಹನಿ ನೀರು ನೆಕ್ಕಿತು. ಇಬ್ಬರೂ ಅದನ್ನೇ ನೋಡುತ್ತಾ ಕುಳಿತರು.